ಗೋಡೆಯ ಮೇಲಿನ ದೊಡ್ಡವರು

ಬೆಳಿಗ್ಗೆ ಏಳೂವರೆಗೆ ಪ್ರಾಪರ್ಟಿ ಬಂದು ಧಾರಾವಾಹಿಯ ಸೆಟ್ಟಿನ ದೀಪ ಹಾಕಿ ನೋಡುತ್ತಾನೆ, ಗೋಡೆಯ ಮೇಲೆ ತಾತ ಇಲ್ಲ.

ತಾತ ಸತ್ತು ಆಗಲೇ ಒಂದೂವರೆ ವರ್ಷವಾಗಿತ್ತು ಎಂಬುದೇನೋ ನಿಜ. ಆದರೆ ಧಾರಾವಾಹಿಗಳಲ್ಲಿ ಸತ್ತವರಿಗೆ ಬದುಕಿರುವವರಿಗಿಂತ ಹೆಚ್ಚು ಕೆಲಸ. ಮೂರಡಿ ಎತ್ತರದ ಕಪ್ಪು ಚೌಕಟ್ಟಿನೊಳಗೆ ಬಿಳಿ ಮೀಸೆ ಬಿಟ್ಟು, ಕಂದು ಶಾಲು ಹೊದ್ದು ಕೂತಿದ್ದ ಆ ತಾತನ ಫೋಟೋದ ಮುಂದೆ ಮನೆಯವರೆಲ್ಲ ಸರದಿಯಂತೆ ಬಂದು ಅಳುತ್ತಿದ್ದರು, ಆಣೆ ಇಡುತ್ತಿದ್ದರು, ಸಂಚು ಹೂಡುತ್ತಿದ್ದರು. ಈಗ ಅಲ್ಲಿದ್ದದ್ದು ಒಂದು ಚೌಕಾಕಾರದ ತೂತು. ತಾತ ಬದುಕಿದ್ದಾಗ ಅದು ಕಿಟಕಿ. ಆ ಕಿಟಕಿ ಮುಚ್ಚಲೆಂದೇ ಅಲ್ಲಿ ಫೋಟೋ ಹಾಕಿದ್ದು. ತೂತಿನಾಚೆ ಪ್ಲೈವುಡ್ಡಿನ ಬೆನ್ನು, ಜೋತುಬಿದ್ದ ವೈರು, ಒಂದು ಪೊರಕೆ ಕಾಣುತ್ತಿದ್ದವು. ಹೊರಗೆ ಥಳುಕು ಒಳಗೆ ಹುಳುಕು ಎಂಬ ಮಾತು ಸೆಟ್ಟು ಕಟ್ಟುವವರನ್ನು ನೋಡಿಯೇ ಹುಟ್ಟಿರಬೇಕು.

ಪ್ರಾಪರ್ಟಿ ತೂತಿನೊಳಗೆ ತಲೆ ಹಾಕಿ ನೋಡಿದ. ಅವನ ಹೆಸರಿನಲ್ಲಿ ಒಂದು ಮೊಳ ಜಾಗವಿಲ್ಲದಿದ್ದರೂ ಸೆಟ್ಟಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ. ಕಪ್ಪು, ಬಸಿ, ಗಡಿಯಾರ, ಹೂದಾನಿ, ಸುಳ್ಳು ಪಿಸ್ತೂಲು, ನಿಜವಾದ ಕುರ್ಚಿ, ಹೀಗೆ ಕ್ಯಾಮೆರಾಕ್ಕೆ ಕಾಣುವ ಸಾಮಾನಿಗೆಲ್ಲ ಅವನೇ ಜವಾಬ್ದಾರ. ಆ ಜವಾಬ್ದಾರಿ ಇತ್ತೀಚೆಗೆ ಅವನಿಗೆ ಒಗ್ಗುತ್ತಿರಲಿಲ್ಲ. ಹೋದ ತಿಂಗಳು ಅಜ್ಜಿ ನೀಲಿ ಕಪ್ಪಿನಲ್ಲಿ ಚಹಾ ಎತ್ತಿಕೊಂಡು ಹಳದಿ ಕಪ್ಪಿನಲ್ಲಿ ಕುಡಿದಿದ್ದರು. ಹೋದ ವಾರ ಮಧ್ಯಾಹ್ನದ ಊಟದ ದೃಶ್ಯದಲ್ಲಿ ಗಡಿಯಾರ ಮೂರು ಗಂಟೆಯಿಂದ ಹನ್ನೆರಡಕ್ಕೆ ಹಿಂದೆ ಸರಿದಿತ್ತು. ನೋಡುಗರು ಕಾಗದ ಬರೆದು ಛೀಮಾರಿ ಹಾಕಿದ್ದರು.

"ಇನ್ನೊಂದ್ಸಲ ಏನಾದ್ರೂ ತಪ್ಪಾಗ್ಲಿ," ಎಂದಿದ್ದ ನಿರ್ದೇಶಕ. "ಸಾರಿ ಅನ್ನೋ ಮಾತೂ ಕೇಳಲ್ಲ ನಾನು. ಬಾಗಿಲು ಆ ಕಡೆ ಇದೆ."

ಪ್ರಾಪರ್ಟಿ ಆ ಕಡೆ ನೋಡಿದ್ದ. ಅಲ್ಲಿದ್ದದ್ದು ಬಾಗಿಲಲ್ಲ, ಬಾಗಿಲಿನ ಚಿತ್ರ. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ಇದು ಅವನ ನಾಲ್ಕನೆಯ ಕೆಲಸ. ಐದನೆಯದು ಹುಡುಕಬೇಕಾಗಿ ಬಂದರೆ ಅದು ಸಿಗುವ ತನಕ ಮನೆಗೇ ಬರಬೇಡಿ ಎಂದು ಹೆಂಡತಿ ಬಹಳ ಮೃದುವಾಗಿ ಹೇಳಿದ್ದಳು. ಅವಳು ಮೃದುವಾಗಿ ಹೇಳಿದ ಮಾತನ್ನು ಯಾವತ್ತೂ ಹಿಂದಕ್ಕೆ ತೆಗೆದುಕೊಂಡವಳಲ್ಲ.

ಇವತ್ತೇ ಹೋಗಬೇಕಿತ್ತೇ ಆ ಫೋಟೋ? ಹತ್ತೂವರೆಗೆ ಶೂಟಿಂಗ್ ಶುರು. ಅಜ್ಜಿ ಫೋಟೋದ ಮುಂದೆ ನಿಂತು ಹನ್ನೊಂದು ನಿಮಿಷ ತನ್ನ ಬದುಕಿನ ಕತೆಯನ್ನೆಲ್ಲ ಹೇಳಿಕೊಳ್ಳಬೇಕು. ನೋಡಲು ಚಾನೆಲ್ ಮೇಡಂ ಖುದ್ದು ಬರುವವರಿದ್ದರು.

ಸೋಫಾದ ಕೆಳಗೆ, ಬೀರುವಿನ ಹಿಂದೆ, ಛಾವಣಿಯ ಮೇಲೆ ಎಲ್ಲ ಕಡೆ ಹುಡುಕಿ, ಧೂಳು ಮೆತ್ತಿಕೊಂಡು ಕೂತವನನ್ನು ನೋಡಿದ್ದು ಮೇಕಪ್ ಅಕ್ಕ. ಈ ಅಕ್ಕನಿಗೆ ಸೆಟ್ಟಿನಲ್ಲಿ ಗೊತ್ತಿಲ್ಲದ ವಿಷಯವಿಲ್ಲ, ಸಲಹೆಯಿಲ್ಲದ ಸಮಸ್ಯೆಯಿಲ್ಲ.

"ಹಳೇ ಎಪಿಸೋಡಿಂದ ಒಂದು ಚಿತ್ರ ತೆಗ್ಸಿ ಪ್ರಿಂಟ್ ಹಾಕ್ಸೋ."

"ಅಂಗಡಿಗೆ ಫೋನ್ ಮಾಡ್ದೆ ಅಕ್ಕ. ಆ ಅಳತೇದು ನಾಳೆ ಸಂಜೆಗಂತೆ."

"ಹಂಗಾದ್ರೆ ದೊಡ್ಡವರ ಮನೆಗೇ ಹೋಗು. ಆಯಪ್ಪನ ಫೋಟೋ ಆಯಪ್ಪನ ಮನೇಲಿ ಇಲ್ದೆ ಇರುತ್ತಾ? ಡೈರೆಕ್ಟರಿಗೆ ಮಾತ್ರ ಗೊತ್ತಾಗಬಾರ್ದು."

ಗೊತ್ತಾಗಬಾರದು ಎನ್ನುವುದಕ್ಕೆ ಕಾರಣವಿತ್ತು. ತಾತನ ಪಾತ್ರ ಮಾಡುತ್ತಿದ್ದವರು ದೊಡ್ಡವರು. ನಾಟಕ, ಸಿನಿಮಾ, ಟೀವಿ ಎಲ್ಲ ಸೇರಿ ಐವತ್ತೊಂದು ವರ್ಷದ ಅನುಭವ. ಒಂದೂವರೆ ವರ್ಷದ ಹಿಂದೆ ನಿರ್ದೇಶಕ ಅವರಿಗೆ, "ನೀವೇನೂ ಮಾಡ್ಬೇಡಿ ಸಾರ್, ಸುಮ್ನೆ ಕೂತ್ಕೊಳ್ಳಿ ಸಾಕು, ಮಿಕ್ಕಿದ್ದು ಮ್ಯೂಸಿಕ್ ನೋಡ್ಕೊಳ್ಳುತ್ತೆ," ಎಂದಿದ್ದ. ದೊಡ್ಡವರು ಎಲ್ಲರೆದುರಿಗೆ, "ಸುಮ್ನೆ ಕೂರೋದು ಈ ಕಸುಬಲ್ಲಿ ಎಲ್ಲಕ್ಕಿಂತ ಕಷ್ಟದ್ದಪ್ಪ. ಅದು ಗೊತ್ತಿದ್ದಿದ್ರೆ ನೀನು ಹಿಂಗನ್ತಿರ್ಲಿಲ್ಲ," ಎಂದುಬಿಟ್ಟಿದ್ದರು. ಮುಂದಿನ ವಾರವೇ ತಾತನಿಗೆ ಹೃದಯಾಘಾತವಾಯಿತು. ದೊಡ್ಡವರು ಇನ್ನು ಈ ಸೆಟ್ಟಿಗೆ ಕಾಲಿಡಕೂಡದು ಎಂದು ನಿರ್ದೇಶಕ ಹುಕುಂ ಹೊರಡಿಸಿದ.

ಆದರೂ ಅವರು ಆಗಾಗ ಬರುತ್ತಿದ್ದರು. ನಿನ್ನೆಯೂ ಸಂಜೆ ಶೂಟಿಂಗ್ ಮುಗಿಸಿ ನಿರ್ದೇಶಕ ಹೊರಟುಹೋದ ಮೇಲೆ ಬಂದು, ಮೇಕಪ್ ಕೋಣೆಯಲ್ಲಿ ಉಳಿದುಹೋಗಿದ್ದ ತಮ್ಮ ಕನ್ನಡಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿದ್ದರು. ಗಂಟು ಬಿಗಿದವನು ಪ್ರಾಪರ್ಟಿಯೇ. ಟ್ಯಾಕ್ಸಿಯ ತನಕ ಹೊತ್ತವನೂ ಅವನೇ. ದೊಡ್ಡವರ ಕನ್ನಡಿ ಹೊರುವುದೆಂದರೆ ಅವನಿಗೆ ಪುಣ್ಯದ ಕೆಲಸ.

ಏಕೆಂದರೆ ಪ್ರಾಪರ್ಟಿ ಏಳು ವರ್ಷದವನಿದ್ದಾಗ ದೊಡ್ಡವರು ಟೀವಿಯಲ್ಲಿ ಅಂಚೆಯವನಾಗಿದ್ದರು. ಓದು ಬಾರದ ಮುದುಕಿಯೊಬ್ಬಳಿಗೆ ಮಗನಿಂದ ಕಾಗದ ಬರುವುದು ನಿಂತುಹೋಗಿರುತ್ತದೆ. ಅಂಚೆಯವನು ಖಾಲಿ ಹಾಳೆ ಹಿಡಿದುಕೊಂಡು ಪ್ರತಿ ವಾರ ಒಂದೊಂದು ಕಾಗದ ಓದಿ ಹೇಳುತ್ತಾನೆ. ಆ ದೃಶ್ಯ ಬಂದಾಗ ಪ್ರಾಪರ್ಟಿಯ ಅಮ್ಮ ಒಲೆ ಆರಿಸಿ ಬಂದು ಕೂತಿದ್ದಳು. ಒಲೆ ಹಚ್ಚಿದ ಮೇಲೆ ಅಮ್ಮ ಯಾವುದಕ್ಕೂ ಅದನ್ನು ಆರಿಸಿದವಳಲ್ಲ. ದೇವರು ಬಂದಿದ್ದರೂ ಸ್ವಲ್ಪ ತಡೀರಿ ಎನ್ನುತ್ತಿದ್ದಳೇನೋ. ಒಬ್ಬ ಮನುಷ್ಯ ಖಾಲಿ ಹಾಳೆಯಿಂದ ಇಂಥದ್ದನ್ನು ಮಾಡಬಹುದು ಎಂದು ತಿಳಿದ ದಿನವೇ ಅವನು ಆ ಮನುಷ್ಯನ ಸುತ್ತಮುತ್ತ ಎಲ್ಲಾದರೂ ಇರಬೇಕು ಎಂದುಕೊಂಡಿದ್ದ. ಕೊನೆಗೆ ಕಪ್ಪು ಬಸಿ ಜೋಡಿಸುವ ಕೆಲಸವಾದರೂ ಸಿಕ್ಕಿತ್ತು.

ದೊಡ್ಡವರ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವರು ಅವರ ಹೆಂಡತಿ.

"ಬಾಪ್ಪ, ನೀನೇನಾ? ಬೆಳಗ್ಗೆ ಐದಕ್ಕೇ ಎದ್ದು, ಶೇವ್ ಮಾಡ್ಕೊಂಡು, ಬಟ್ಟೆ ಹಾಕ್ಕೊಂಡು ಕೂತಿದ್ದಾರೆ. ಎಲ್ಲಿಗ್ರೀ ಅಂದ್ರೆ, ಯಾರೋ ಬರ್ತಾರೆ ಅಂತಾರೆ. ಒಳಗೆ ಬಾ."

ದೊಡ್ಡವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಪ್ರಾಪರ್ಟಿ ಏದುಸಿರು ಬಿಡುತ್ತಾ ನಡೆದದ್ದನ್ನೆಲ್ಲ ಹೇಳಿದ. ಅವರು ಗಂಭೀರವಾಗಿ ಕೇಳಿ, "ಛೆ, ಛೆ," ಎಂದರು. ಆ ಎರಡು ಛೆಗಳಲ್ಲಿ ಎಷ್ಟು ಮರುಕವಿತ್ತೆಂದರೆ ಪ್ರಾಪರ್ಟಿಗೆ ಅರ್ಧ ಭಾರ ಇಳಿದಂತಾಯಿತು.

"ನೋಡೋಣ, ಆಲ್ಬಮ್ಮಲ್ಲಿ ಏನಾದ್ರೂ ಸಿಗುತ್ತಾ."

ಆಲ್ಬಮ್ಮುಗಳು ಒಂದಲ್ಲ, ಒಂಬತ್ತಿದ್ದವು. ಮೊದಲ ಪುಟದಲ್ಲಿ ಈಟಿ ಹಿಡಿದ ತೆಳ್ಳನೆಯ ಸಿಪಾಯಿ. "ಇಪ್ಪತ್ಮೂರು ವರ್ಷ ಆಗ. ನಾಟಕ ಕಂಪನಿ. ಒಂದೇ ಮಾತು ನಂದು, 'ಶತ್ರು ಬಂದ ಪ್ರಭು' ಅಂತ. ಎರಡು ವರ್ಷ ದಿನಾ ಶತ್ರೂನ ಕರ್ಕೊಂಡು ಬಂದಿದೀನಿ." ಮುಂದಿನ ಪುಟದಲ್ಲಿ ಕೋಟೆಯ ಗೋಡೆಯಿಂದ ತಲೆಕೆಳಗಾಗಿ ಬೀಳುತ್ತಿರುವ ಸೇನಾಪತಿ. "ಹನ್ನೆರಡು ಅಡಿ. ಕೆಳಗೆ ಒಂದು ತೆಳು ಹಾಸಿಗೆ. ಒಂಬೈನೂರ ಹದಿನಾರು ಸಲ ಬಿದ್ದಿದೀನಿ. ಹೆಂಗೆ ಬೀಳ್ಬೇಕು ಅನ್ನೋದು ಗೊತ್ತಿದ್ರೆ ಏಟಾಗಲ್ಲ ಕಣಪ್ಪ, ಬೀಳಲ್ಲ ಅಂತ ಹಟ ಹಿಡಿದವನಿಗೇ ಏಟಾಗೋದು." ಅದರ ಪಕ್ಕದಲ್ಲಿ ಬೂದಿ ಬಣ್ಣ ಬಳಿದುಕೊಂಡ ಕಲ್ಲಿನ ಪ್ರತಿಮೆ. "ಮೂರನೇ ಅಂಕ ಪೂರ್ತಿ ನಾನು ರಾಜನ ಪ್ರತಿಮೆ. ನಲವತ್ತು ನಿಮಿಷ. ಉಸಿರು ಹೊಟ್ಟೇಲಿ ಆಡ್ಬೇಕು, ಎದೇಲಿ ಅಲ್ಲ. ಕಣ್ಣು ರೆಪ್ಪೆ ಯಾವಾಗ ಬಡೀಬೇಕು ಅಂದ್ರೆ, ಜನ ಬೇರೆ ಕಡೆ ನೋಡಿದಾಗ."

"ಜನ ಯಾವಾಗ ಬೇರೆ ಕಡೆ ನೋಡ್ತಾರೆ ಅಂತ ಹೆಂಗೆ ಗೊತ್ತಾಗುತ್ತೆ ಸಾರ್?"

"ಅದು ಗೊತ್ತಾಗೋಕೇ ಹತ್ತು ವರ್ಷ ಹಿಡೀತು."

ಪುಟ ತಿರುವಿದಂತೆ ಸಿನಿಮಾ ಶುರುವಾಯಿತು. ಮೂವತ್ತೊಂದು ಚಿತ್ರಗಳಲ್ಲಿ ನ್ಯಾಯಾಧೀಶ. ಕನ್ನಡಕ ತೆಗೆದು ತಲೆ ಅಲ್ಲಾಡಿಸುವ ಡಾಕ್ಟರು. ಕುರುಡ ಪಿಟೀಲುವಾದಕ, ದೀಪಸ್ತಂಭದ ಕಾವಲುಗಾರ, ಒಂದು ಕಡೆ ದಪ್ಪನೆಯ ದಾದಿ ಕೂಡ. ಇಷ್ಟು ಮುಖಗಳು ಒಂದೇ ಮುಖದಿಂದ ಹೇಗೆ ಹೊರಬಂದವು ಎಂದು ಪ್ರಾಪರ್ಟಿ ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತ. ತಾನು ಬಂದ ಕೆಲಸವನ್ನೇ ಮರೆತ. ಐವತ್ತೊಂದು ವರ್ಷಗಳನ್ನು ಒಬ್ಬ ಮನುಷ್ಯ ಬೇರೆಯವರಿಗೆ ಹಂಚಿಬಿಟ್ಟಿದ್ದ, ತನಗೆಂದು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಒಂಬತ್ತು ಆಲ್ಬಮ್ ಮುಗಿದರೂ ದೊಡ್ಡವರದೇ ಅನ್ನುವಂಥ ಫೋಟೋ ಸಿಗಲಿಲ್ಲ. ಬಿಳಿ ಮೀಸೆಯ, ಕಂದು ಶಾಲಿನ ತಾತನಂತೂ ಎಲ್ಲೂ ಇಲ್ಲ.

ಗೋಡೆ ಗಡಿಯಾರ ಒಂಬತ್ತು ಹೊಡೆಯಿತು.

"ಮುಗೀತು ಸಾರ್ ನನ್ನ ಕತೆ."

"ಫೋಟೋ ಇಲ್ಲ, ನಿಜ," ಎಂದರು ದೊಡ್ಡವರು ನಿಧಾನವಾಗಿ. "ಆದ್ರೆ ನಾನಿದೀನಲ್ಲ?"

ಪ್ರಾಪರ್ಟಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಗಬೇಕೋ ಓಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ದೊಡ್ಡವರು ಕಪಾಟಿನಿಂದ ಕಂದು ಶಾಲು ತೆಗೆದು, ಚಿಕ್ಕ ಡಬ್ಬಿಯಿಂದ ಬಿಳಿ ಮೀಸೆ ತೆಗೆದು, ಅಂಗೈಯಗಲದ ಕನ್ನಡಿಯಲ್ಲಿ ನೋಡಿಕೊಂಡು ಅಂಟಿಸತೊಡಗಿದ್ದರು. ಮೂರು ನಿಮಿಷದಲ್ಲಿ ಕುರ್ಚಿಯ ಮೇಲಿದ್ದವರು ಮಾಯವಾಗಿ ತಾತ ಬಂದು ಕೂತಿದ್ದ. ಹೆಂಡತಿ ಇಣುಕಿ ನೋಡಿ, "ಓ, ತಾತ ಬಂದ್ರಾ? ಮಫ್ಲರು ಹಾಕ್ಕೊಂಡು ಹೋಗಿ," ಎಂದು ಒಳಗೆ ಹೋದರು. ಅವರು ಐವತ್ತು ವರ್ಷದಿಂದ ಯಾರು ಯಾರಿಗೋ ಊಟ ಬಡಿಸಿದವರು.

ಹತ್ತು ಗಂಟೆಗೆ ದೊಡ್ಡವರು ಹಿಂಬಾಗಿಲಿನಿಂದ ಸೆಟ್ಟಿನೊಳಗೆ ಬಂದರು. ಮೇಕಪ್ ಅಕ್ಕ ಬಾಗಿಲು ಕಾದಳು. ಪ್ರಾಪರ್ಟಿ ನಾಲ್ಕು ಪಟ್ಟಿ ಮರ ಕೂಡಿಸಿ, ಕಪ್ಪು ಬಣ್ಣ ಬಳಿದು ತೂತಿನ ಸುತ್ತ ಬಡಿದ. ಗೋಡೆಯ ಹಿಂದೆ ನಾಲ್ಕು ಬಣ್ಣದ ಡಬ್ಬ, ಅದರ ಮೇಲೊಂದು ಹಲಗೆ, ಅದರ ಹಿಂದೆ ಕರಿ ಪರದೆ. ದೊಡ್ಡವರು ಹಲಗೆಯ ಮೇಲೆ ಕೂತು, ಶಾಲು ಸರಿ ಮಾಡಿಕೊಂಡು, ತಲೆಯನ್ನು ಒಂದಿಷ್ಟೇ ಎಡಕ್ಕೆ ತಿರುಗಿಸಿದರು. ಆಮೇಲೆ ಅವರ ಮುಖದಿಂದ ಏನೋ ಹಿಂದಕ್ಕೆ ಸರಿಯಿತು. ಪ್ರಾಪರ್ಟಿ ಮುಂದೆ ಹೋಗಿ ನೋಡಿದ. ಗೋಡೆಯ ಮೇಲೆ ತಾತನ ಫೋಟೋ ಇತ್ತು.

"ಸಾರ್?" ಎಂದ ಮೆಲ್ಲಗೆ.

ಫೋಟೋ ಮಾತಾಡಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ನಿರ್ದೇಶಕ ಬಂದ, ಚಾನೆಲ್ ಮೇಡಂ ಬಂದು ಮಾನಿಟರಿನ ಮುಂದೆ ಕೂತರು. ಕ್ಯಾಮೆರಾದವನು ಮಾತ್ರ ಕಣ್ಣು ಕಿರಿದು ಮಾಡಿದ.

"ಏನೋ ಬೇರೆ ಥರ ಇದ್ಯಲ್ಲ ಇವತ್ತು."

ಪ್ರಾಪರ್ಟಿ ಕ್ಯಾಮೆರಾಕ್ಕೂ ಫೋಟೋಕ್ಕೂ ನಡುವೆ ಬಂದು ನಿಂತ. "ಗಾಜು ತೆಗ್ಸಿದೀನಿ ಸಾರ್. ಲೈಟು ಹೊಳೀತಿತ್ತಲ್ಲ, ಅದಕ್ಕೆ."

"ಅಲ್ವೇನೋ ಮತ್ತೆ! ಒಂದೂವರೆ ವರ್ಷದಿಂದ ಹೇಳ್ತಿದ್ದೆ ನಾನು ಇದನ್ನೇ," ಎಂದು ಕ್ಯಾಮೆರಾದವನು ಸಂತೋಷಪಟ್ಟ.

ಮೊದಲು ಕೆಟ್ಟ ಸೊಸೆ ಬಂದು, ಅತ್ತೆಗೆ ಕಾಣುವಂತೆ ಮಾವನ ಫೋಟೋವನ್ನು ಭಕ್ತಿಯಿಂದ ಒರೆಸುವ ಚಿಕ್ಕ ತುಣುಕು. ಕೆಟ್ಟ ಸೊಸೆ ನಿಜದಲ್ಲಿ ಬಹಳ ಒಳ್ಳೆಯ ಹೆಣ್ಣುಮಗಳು, ಮನಸ್ಸಿಟ್ಟು ಕೆಲಸ ಮಾಡುವವಳು. ಬಟ್ಟೆ ತೆಗೆದುಕೊಂಡು ಹಣೆ, ಕಣ್ಣು, ಮೂಗು ಎಲ್ಲ ಚೆನ್ನಾಗಿ ತಿಕ್ಕಿದಳು. ದೊಡ್ಡವರು ಕದಲಲಿಲ್ಲ. ಕದಲಿದವಳು ಅವಳೇ.

"ಅಯ್ಯೋ! ಫೋಟೋ ಬೆಚ್ಚಗಿದೆ!"

"ಲೈಟು ಬಿದ್ದು ಬಿಸಿಯಾಗಿರುತ್ತಮ್ಮ," ಎಂದ ನಿರ್ದೇಶಕ.

"ಮೂಗು ಮುಂದಕ್ಕಿದೆ ಸಾರ್!"

"ಎಲ್ರಿಗೂ ಮೂಗು ಮುಂದಕ್ಕೇ ಇರೋದು. ನಡಿ, ನಡಿ."

"ಅದು ಹೊಸ ಥರದ ಪ್ರಿಂಟು ಕಣೇ," ಎಂದು ಮೇಕಪ್ ಅಕ್ಕ ನಡುವೆ ಬಾಯಿ ಹಾಕಿದಳು. "ಈಗೆಲ್ಲ ಹಿಂಗೇ ಉಬ್ಬಿಕೊಂಡಿರುತ್ತೆ." ಸೊಸೆ ತನ್ನ ಬೆರಳನ್ನೇ ನೋಡಿಕೊಳ್ಳುತ್ತಾ ಹೋದಳು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ಪ್ರಾಪರ್ಟಿ ಉಸಿರು ಬಿಡುವಷ್ಟರಲ್ಲಿ ಒಂದು ನೊಣ ಬಂತು. ಸೆಟ್ಟಿನಲ್ಲಿ ಕೂರಲು ಇಪ್ಪತ್ತು ಸೋಫಾ ಇದ್ದವು. ಆದರೆ ಅದು ಬಂದು ಕೂತದ್ದು ತಾತನ ಮೂಗಿನ ತುದಿಯ ಮೇಲೆ.

"ಫೋಟೋ ಮೇಲೆ ನೊಣ ಇದೆ ಸಾರ್," ಎಂದ ಕ್ಯಾಮೆರಾದವನು.

"ಪ್ರಾಪರ್ಟಿ! ಹೊಡಿ ಅದನ್ನ!"

ಪ್ರಾಪರ್ಟಿ ಸುರುಳಿ ಸುತ್ತಿದ ಪತ್ರಿಕೆ ಹಿಡಿದು ಫೋಟೋದ ಮುಂದೆ ನಿಂತ. ಗಾಳಿ ಬೀಸಿದ, ನೊಣ ಏಳಲಿಲ್ಲ. ತಟ್ಟಿದ ಹಾಗೆ ಮಾಡಿದ, ಅದು ಮೀಸೆಗೆ ಇಳಿದು ಕೈ ಕಾಲು ಉಜ್ಜಿಕೊಂಡಿತು.

"ಏನು ಸವರ್ತಾ ಇದೀಯ? ಫೋಟೋಗೆ ನೋವಾಗುತ್ತಾ? ಜೋರಾಗಿ ಹೊಡಿಯೋ!"

"ಕ್ಷಮಿಸಿ ಸಾರ್," ಎಂದು ಪ್ರಾಪರ್ಟಿ ಪಿಸುಗುಟ್ಟಿ, ಕಣ್ಣು ಮುಚ್ಚಿಕೊಂಡು, ತಾನು ಏಳು ವರ್ಷದವನಿದ್ದಾಗಿನಿಂದ ಆರಾಧಿಸುತ್ತಾ ಬಂದ ಮುಖಕ್ಕೆ ಪಟಾರನೆ ಒಂದು ಬಿಟ್ಟ. ಕಣ್ಣು ತೆರೆದಾಗ ನೊಣ ಹೋಗಿತ್ತು. ಫೋಟೋ ಅದೇ ಶಾಂತಿಯಿಂದ ಎಡಕ್ಕೆ ನೋಡುತ್ತಿತ್ತು. ಒಂದು ರೆಪ್ಪೆ ಬಡಿದಿರಲಿಲ್ಲ, ಒಂದು ಮೀಸೆಯ ಕೂದಲು ಅಲ್ಲಾಡಿರಲಿಲ್ಲ. ಪ್ರಾಪರ್ಟಿಗೆ ಅಲ್ಲೇ ನೆಲಕ್ಕೆ ಬಿದ್ದು ನಮಸ್ಕಾರ ಮಾಡಬೇಕು ಅನ್ನಿಸಿತು. ಹಾಗೆ ಮಾಡಿದ್ದರೆ ನಿರ್ದೇಶಕ ಕಾರಣ ಕೇಳುತ್ತಿದ್ದ, ಅದಕ್ಕೆ ಬಿಟ್ಟ.

ಹತ್ತು ಮುಕ್ಕಾಲಿಗೆ ಅಜ್ಜಿಯ ಪಾತ್ರದಾಕೆ ಬಂದರು. ಪ್ರಾಪರ್ಟಿ ಗೋಡೆಯ ಹಿಂದಕ್ಕೆ ಓಡಿ, ಅಲ್ಲಾಡುತ್ತಿದ್ದ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಕ್ಕರುಗಾಲಲ್ಲಿ ಕೂತ. ಅಲ್ಲಿಂದ ಅವನಿಗೆ ದೊಡ್ಡವರ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು.

ಅಜ್ಜಿ ಶುರುಮಾಡಿದರು. ಬೇರೆ ದಿನಗಳಲ್ಲಿ ಆಕೆ ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ, ಮರೆತ ಮಾತು ಕೇಳಿ, ಕಣ್ಣಿಗೆ ಗ್ಲಿಸರಿನ್ ಹಾಕಿಸಿಕೊಂಡು ಮುಂದುವರಿಯುತ್ತಿದ್ದರು. ಇವತ್ತು ಫೋಟೋದ ಮುಂದೆ ನಿಂತು ಅದರ ಕಣ್ಣನ್ನು ಒಮ್ಮೆ ದಿಟ್ಟಿಸಿದರು. ಆಮೇಲೆ ಮಾತು ನೀರಿನಂತೆ ಹರಿಯಿತು. ಕಟ್ಟಿಕೊಂಡ ದಿನದಿಂದ ಹಿಡಿದು ಕಳೆದುಕೊಂಡ ದಿನದವರೆಗೆ ಎಲ್ಲವನ್ನೂ ಹೇಳಿದರು. ಸೆಟ್ಟಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಗೋಡೆಯ ಹಿಂದೆ ಪ್ರಾಪರ್ಟಿ ಬೇರೆಯೇ ಒಂದನ್ನು ನೋಡುತ್ತಿದ್ದ. ಮುಂದಿನಿಂದ ಫೋಟೋ ಆಗಿದ್ದ ಮನುಷ್ಯ ಹಿಂದಿನಿಂದ ಗಾಣದ ಎತ್ತಿನಂತೆ ದುಡಿಯುತ್ತಿದ್ದ. ಅಂಗಿಯ ಬೆನ್ನು ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು. ಕತ್ತಿನ ಹಿಂದೆ ಒಂದು ನರ ಟಕಟಕ ಹೊಡೆದುಕೊಳ್ಳುತ್ತಿತ್ತು. ತೊಡೆಯ ಮೇಲೆ ಬಿಗಿದ ಎರಡು ಮುಷ್ಟಿಗಳು ಬಿಳಿಚಿಕೊಂಡಿದ್ದವು. ಎಪ್ಪತ್ತನಾಲ್ಕು ವರ್ಷದ ಆ ದೇಹದಲ್ಲಿ ಒಂದೊಂದು ಎಲುಬೂ ಅಲ್ಲಾಡಬೇಕು ಎನ್ನುತ್ತಿತ್ತು, ಅವರು ಬೇಡ ಎನ್ನುತ್ತಿದ್ದರು. ಸುಮ್ಮನೆ ಕೂರುವುದು ಎಲ್ಲಕ್ಕಿಂತ ಕಷ್ಟ ಎಂದರೆ ಏನೆಂದು ಪ್ರಾಪರ್ಟಿಗೆ ಅವತ್ತು ಗೊತ್ತಾಯಿತು. ಜಗತ್ತಿನಲ್ಲಿ ಇದನ್ನು ನೋಡುತ್ತಿರುವವನು ತಾನೊಬ್ಬನೇ, ಚಪ್ಪಾಳೆ ಹೊಡೆಯುವ ಹಾಗೂ ಇಲ್ಲ, ಹಲಗೆ ಬಿಟ್ಟರೆ ದೊಡ್ಡವರು ಬೀಳುತ್ತಾರೆ ಎಂದು ಅವನ ಕಣ್ಣು ತುಂಬಿತು.

ಹನ್ನೊಂದನೆಯ ನಿಮಿಷದಲ್ಲಿ ಅಜ್ಜಿ, "ನೀವು ಒಂದು ಮಾತೂ ಹೇಳ್ದೆ ಹೋದ್ರಿ," ಎಂದರು. ಅಲ್ಲಿಗೆ ದೃಶ್ಯ ಮುಗಿಯಬೇಕು. ಆದರೆ ನಿರ್ದೇಶಕ ಕಟ್ ಹೇಳಲಿಲ್ಲ. ಮಾನಿಟರಿನ ಕಡೆಯಿಂದ ಚಾನೆಲ್ ಮೇಡಂ "ಅಯ್ಯೋ ದೇವರೇ" ಎಂದದ್ದು ಕೇಳಿಸಿತು.

ಫೋಟೋದ ಎಡಗಣ್ಣಿನಿಂದ ಒಂದು ಹನಿ ಇಳಿದಿತ್ತು.

ಮುಖ ಕದಲಿಲ್ಲ, ತುಟಿ ನಡುಗಿಲ್ಲ. ಹನಿಯೊಂದೇ ನಿಧಾನವಾಗಿ ಕೆನ್ನೆಯ ಮೇಲೆ ಇಳಿದು ಬಿಳಿ ಮೀಸೆಯೊಳಗೆ ಹೋಯಿತು. ಕೊನೆಗೂ ಕಟ್ ಎಂದಾಗ ನಿರ್ದೇಶಕನ ದನಿ ಒಡೆದಿತ್ತು.

"ಇದು... ಇದು ಹೆಂಗೆ ಮಾಡಿದ್ರಿ?" ಎಂದರು ಮೇಡಂ.

"ನಂದೇ ಐಡಿಯಾ ಮೇಡಂ," ಎಂದ ನಿರ್ದೇಶಕ ಕಣ್ಣೊರೆಸಿಕೊಂಡು. ಆಮೇಲೆ ಗೋಡೆಯ ಹಿಂದಿನಿಂದ ಬಂದ ಪ್ರಾಪರ್ಟಿಯನ್ನು ಮೂಲೆಗೆ ಎಳೆದು, "ಏನೋ ಮಾಡ್ದೆ?" ಎಂದು ಕೇಳಿದ.

"ಹಿಂದಿಂದ... ಸಣ್ಣ ಪೈಪು ಸಾರ್... ಗ್ಲಿಸರಿನ್ನು..."

ನಿರ್ದೇಶಕ ಅವನ ಹೆಗಲ ಮೇಲೆ ಕೈ ಹಾಕಿದ. ಮೂರು ವರ್ಷದಲ್ಲಿ ಆ ಕೈ ಅವನ ಹೆಗಲ ಮೇಲೆ ಬಿದ್ದದ್ದು ಅದೇ ಮೊದಲು. ಪ್ರಾಪರ್ಟಿಗೆ ಅದು ನೊಣ ಕೂತಂತೆಯೇ ಅನ್ನಿಸಿತು, ಅಲ್ಲಾಡದೆ ನಿಂತ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಅಜ್ಜಿಯ ಪಾತ್ರದಾಕೆ ಒಂದು ಲೋಟ ನೀರು ಹಿಡಿದು ಫೋಟೋದ ಹತ್ತಿರ ಬಂದರು. ಆಕೆ ದೊಡ್ಡವರ ಜೊತೆ ಮೂವತ್ತು ವರ್ಷ ರಂಗದ ಮೇಲೆ ನಿಂತವರು.

"ಮೂವತ್ತು ವರ್ಷದಲ್ಲಿ ಇವತ್ತೊಂದೇ ದಿನ," ಎಂದರು ಲೋಟವನ್ನು ಚೌಕಟ್ಟಿನ ಅಂಚಿಗೆ ಇಡುತ್ತಾ, "ನನ್ನ ಮಾತು ಪೂರ್ತಿ ಮುಗಿಯೋವರೆಗೂ ನಡುವೆ ಬಾಯಿ ಹಾಕ್ಲಿಲ್ಲ ನೋಡಿ ನೀವು."

ಫೋಟೋದ ಮೀಸೆಯ ಒಂದು ತುದಿ ಚೂರೇ ಚೂರು ಮೇಲಕ್ಕೆ ಹೋಯಿತು.

ಸಂಜೆ ಆರಕ್ಕೆ ದೊಡ್ಡವರನ್ನು ಕೈಹಿಡಿದು ಮನೆಗೆ ಕರೆದುಕೊಂಡು ಬಂದಾಗ ಪ್ರಾಪರ್ಟಿಯ ಕಾಲು ನೆಲದ ಮೇಲಿರಲಿಲ್ಲ. ಕೆಲಸ ಉಳಿದಿತ್ತು. ನಾಳೆ ಸಂಜೆ ಅಂಗಡಿಯಿಂದ ಪ್ರಿಂಟು ಬಂದರೆ ಆಯಿತು, ನಾಳೆ ಒಂದು ದಿನ ಹೇಗೋ ತಳ್ಳಬೇಕು. ದೊಡ್ಡವರು ಮೀಸೆ ಬಿಚ್ಚಲು ಕೂತರು.

"ಆ ಶಾಲು ರೂಮಿನ ಬಾಗಿಲ ಹಿಂದೆ ನೇತುಹಾಕಪ್ಪ," ಎಂದರು ಅವರ ಹೆಂಡತಿ.

ಪ್ರಾಪರ್ಟಿ ಬಾಗಿಲು ಸರಿಸಿದ. ಅದರ ಹಿಂದೆ, ಗೋಡೆಗೆ ಒರಗಿಸಿ, ಬೆಡ್‌ಶೀಟಿನಲ್ಲಿ ಸುತ್ತಿದ ಕನ್ನಡಿ ಇತ್ತು. ಗಂಟು ಅವನದೇ. ಕನ್ನಡಿ ಇದ್ದೂ ದೊಡ್ಡವರು ಅಂಗೈಯಗಲದ ತುಣುಕಿನಲ್ಲಿ ಯಾಕೆ ಮುಖ ನೋಡಿಕೊಂಡರು ಎಂದು ಆಗ ಅವನಿಗೆ ಹೊಳೆಯಿತು. ಗಂಟು ಬಿಚ್ಚಿದ. ಬಿಳಿ ಮೀಸೆಯ, ಕಂದು ಶಾಲಿನ ತಾತ ಅವನನ್ನು ನೋಡದೆ ಒಂದಿಷ್ಟೇ ಎಡಕ್ಕೆ ದೃಷ್ಟಿ ನೆಟ್ಟಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬುದನ್ನು ಪ್ರಾಪರ್ಟಿ ಇಲ್ಲಿಯವರೆಗೆ ಗಾದೆ ಎಂದಷ್ಟೇ ತಿಳಿದಿದ್ದ. ಕೂಸನ್ನು ಟ್ಯಾಕ್ಸಿಗೆ ಹತ್ತಿಸಿ ಕಳಿಸಿದವನು ಅವನೊಬ್ಬನೇ ಇರಬೇಕು.

"ಸಾರ್! ಇದು..."

ದೊಡ್ಡವರು ಬಾಗಿಲಲ್ಲಿ ನಿಂತಿದ್ದರು. ಅರ್ಧ ಮೀಸೆ ಇತ್ತು, ಅರ್ಧ ಕೈಯಲ್ಲಿತ್ತು.

"ಒಂದೂವರೆ ವರ್ಷದಿಂದ ನನ್ನ ಪಾತ್ರ ಅದು ಮಾಡ್ತಾ ಇತ್ತಪ್ಪ. ದಿನಾ ಎಂಟು ಗಂಟೆಗೆ ಟೀವಿ ಮುಂದೆ ಕೂತು ನೋಡ್ತಿದ್ದೆ. ನನ್ನ ಜಾಗ ತಗೊಂಡಿದ್ದಕ್ಕೆ ಬೇಜಾರಿಲ್ಲ, ಕಸುಬಲ್ಲಿ ಅದೆಲ್ಲ ಇದ್ದದ್ದೇ. ಆದ್ರೆ ಎಷ್ಟು ಕೆಟ್ಟದಾಗಿ ಮಾಡ್ತಿತ್ತು ಗೊತ್ತಾ! ಎದುರಿಗೆ ಒಂದು ಹೆಣ್ಣು ಕರುಳು ಹಿಂಡಿ ಅಳ್ತಾ ಇದ್ರೆ, ಇದರ ಕಣ್ಣಲ್ಲಿ ಏನಾದ್ರೂ ಬೇಡ್ವಾ? ತಡ್ಕೊಳ್ಳೋಕೆ ಆಗ್ಲಿಲ್ಲ."

"ನನ್ನ ಕೆಲಸ ಹೋಗ್ತಿತ್ತಲ್ಲ ಸಾರ್!"

"ಅದಕ್ಕೇ ಬೆಳಗ್ಗೆ ಐದಕ್ಕೇ ರೆಡಿಯಾಗಿ ಕೂತಿದ್ದೆ. ನೀನೇ ಯಾಕೋ ತಡ ಮಾಡ್ದೆ."

ಬೈಯಬೇಕು ಎಂದು ಬಾಯಿ ತೆರೆದವನಿಗೆ ಬೆವರಿನಿಂದ ತೊಯ್ದ ಆ ಬೆನ್ನು ನೆನಪಾಯಿತು. ಬೈಗುಳ ಹುಟ್ಟಲಿಲ್ಲ. ಅಷ್ಟಕ್ಕೂ ಈಗ ಬೈಯುವುದಾದರೂ ಯಾಕೆ? ಫೋಟೋ ಸಿಕ್ಕಿತು. ನಾಳೆ ಬೆಳಿಗ್ಗೆ ನೇತುಹಾಕಿದರೆ ಎಲ್ಲ ಸುಸೂತ್ರ, ಪ್ರಿಂಟೂ ಬೇಡ. ಅವನು ಚೌಕಟ್ಟನ್ನು ಎದೆಗವಚಿಕೊಂಡ. ಅದೇ ಹೊತ್ತಿಗೆ ಫೋನು ಬಂತು.

"ಪ್ರಾಪರ್ಟಿ!" ನಿರ್ದೇಶಕನ ದನಿ ಜೇನಿನಂತಿತ್ತು. "ಮೇಡಂಗೆ ಆ ಫೋಟೋ ಹುಚ್ಚು ಹಿಡಿಸಿಬಿಟ್ಟಿದೆ ಕಣೋ. ನಾಳೆ ಸೀನೇ ಬದಲಾಯಿಸಿದೀವಿ. ಕೆಟ್ಟ ಸೊಸೆ ಅದನ್ನ ಮಹಡಿ ಮೇಲಕ್ಕೆ ಹೊತ್ಕೊಂಡು ಹೋಗಿ, ಮೆಟ್ಟಿಲ ತುದಿಯಿಂದ ಕೆಳಕ್ಕೆ ಎಸೀತಾಳೆ. ಬೀಳ್ತಾ ಇರೋ ಮುಖದ ಮೇಲೇ ಕ್ಯಾಮೆರಾ. ಆ ಮುಖದಲ್ಲಿ ಇವತ್ತಿನ ಥರಾನೇ ಏನೋ ಒಂದು ಕಾಣ್ಬೇಕು. ಇವತ್ತಿನ ಫೋಟೋನೇ ಬೇಕು, ತಿಳೀತಾ? ಬೇರೆ ಯಾವ್ದಾದ್ರೂ ತಂದಿಟ್ರೆ ನಂಗೆ ಗೊತ್ತಾಗಿಬಿಡುತ್ತೆ. ಬಾಗಿಲು ಯಾವ ಕಡೆ ಇದೆ ಅಂತ ನಿಂಗೆ ಗೊತ್ತಲ್ಲ?"

ಫೋನು ಕೆಳಗಿಟ್ಟ ಪ್ರಾಪರ್ಟಿ ಬಾಣಲೆಯಿಂದ ಬೆಂಕಿಗೆ ಬಿದ್ದವನಂತೆ ನಿಂತ. ಎಲ್ಲವನ್ನೂ ಹೇಳಿ, ಎದೆಗವಚಿಕೊಂಡಿದ್ದ ಚೌಕಟ್ಟನ್ನು ಮುಂದಕ್ಕೆ ಹಿಡಿದ.

"ಇದನ್ನೇ ಎಸೆಯೋಣ ಸಾರ್. ಹೆಂಗೋ ಒಪ್ಪಿಸ್ತೀನಿ. ನಿಮ್ಮ ಕೈ ಮುಗೀತೀನಿ."

ದೊಡ್ಡವರು ಫೋಟೋವನ್ನು ಅವನ ಕೈಯಿಂದ ಮೃದುವಾಗಿ ತೆಗೆದುಕೊಂಡು, ಮುಖ ಗೋಡೆಗೆ ಮಾಡಿ ಬಾಗಿಲ ಹಿಂದೆ ಇಟ್ಟರು.

"ಅದಕ್ಕೆ ಕೂರೋಕೇ ಬರಲ್ಲ. ಇನ್ನು ಬೀಳೋಕೆ ಬರುತ್ತಾ?"

ಬಿಚ್ಚಿದ್ದ ಅರ್ಧ ಮೀಸೆಯನ್ನು ಮತ್ತೆ ಅಂಟಿಸಿಕೊಂಡರು. ಅವರ ಹೆಂಡತಿ ಮಂಚದ ಮೇಲಿನ ಹಾಸಿಗೆಯನ್ನು ನೆಲಕ್ಕೆ ಎಳೆದು ಹಾಕಿ, ಒಲೆಯ ಕಡೆಗೆ ಹೋದರು. ಅವರು ಒಂಬೈನೂರ ಹದಿನಾರು ಸಲ ನೋಡಿದವರು. ದೊಡ್ಡವರು ಸ್ಟೂಲಿನಿಂದ ಮೇಜಿಗೆ, ಮೇಜಿನಿಂದ ಬೀರುವಿನ ಮೇಲಕ್ಕೆ ಹತ್ತಿ ಕೂತು, ಶಾಲು ಹೊದ್ದು, ತಲೆಯನ್ನು ಒಂದಿಷ್ಟೇ ಎಡಕ್ಕೆ ತಿರುಗಿಸಿದರು. ಕಣ್ಣೆದುರಿಗೇ ಮನುಷ್ಯ ಮಾಯವಾಗಿ ಫೋಟೋ ಬಂತು. ಪ್ರಾಪರ್ಟಿ ಎರಡೂ ಕೈ ಚಾಚಿಕೊಂಡು ಕೆಳಗೆ ನಿಂತ. ಆ ಮುಖದಿಂದ ಕಣ್ಣು ಕೀಳಲಾಗಲಿಲ್ಲ.

"ಸ್ವಲ್ಪ ಪಕ್ಕಕ್ಕೆ ನಿಲ್ಲಪ್ಪ," ಎಂದಿತು ಫೋಟೋ. "ನಾನು ಬೀಳೋ ಜಾಗ ಅದು."